ಪೇಪರ್ ಇದೆ, ಎಕ್ಸ್‌ರೇ ಇದೆಯೇ?

ಬಸವನಗುಡಿಯಲ್ಲಾಗಲಿ ಮಲ್ಲೇಶ್ವರದಲ್ಲಾಗಲಿ ಒಂದು ಮದುವೆ ಗೊತ್ತಾಗಬೇಕಾದರೆ ವಿಚಾರಣೆ ಸಣ್ಣದಲ್ಲ. ಗೋತ್ರ ಯಾವುದು, ಜಾತಕ ಕೂಡಿತೇ, ಹುಡುಗನ ತಂದೆಗೆ ಸಕ್ಕರೆ ಕಾಯಿಲೆ ಎಷ್ಟನೇ ವಯಸ್ಸಿಗೆ ಬಂತು, ಸೋದರತ್ತೆಗೆ ಯಾಕೆ ಅಷ್ಟು ದಪ್ಪ ಕನ್ನಡಕ ಎಂಬಲ್ಲಿಯವರೆಗೆ ಹಿರಿಯರು ಕೇಳಿ ತಿಳಿದುಕೊಳ್ಳುತ್ತಾರೆ. ಅದೇ ಮನೆಯವರು ಹತ್ತು ಹನ್ನೆರಡು ವರ್ಷ ಜೊತೆಗಿರಬೇಕಾದ ನಾಯಿಮರಿಯನ್ನು ತರುವಾಗ ವಾಟ್ಸ್ಆ್ಯಪ್‌ಗೆ ಬಂದ ಮೂರು ಫೋಟೊ ನೋಡಿ ಯುಪಿಐನಲ್ಲಿ ಅಡ್ವಾನ್ಸ್ ಹಾಕಿಬಿಡುತ್ತಾರೆ. ಕೇಳುವುದು ಎರಡೇ ಪ್ರಶ್ನೆ: ‘ರೇಟ್ ಎಷ್ಟು?’ ‘ಪೇಪರ್ ಇದೆಯಾ?’

ಪೇಪರ್ ಎಂದರೆ ಕೆನೆಲ್ ಕ್ಲಬ್ ಆಫ್ ಇಂಡಿಯಾ ಕೊಡುವ ನೋಂದಣಿ ಪತ್ರ. ಚೆನ್ನೈನಲ್ಲಿ ಕಚೇರಿ ಇರುವ ಈ ಸಂಸ್ಥೆ ಮರಿಯ ಅಪ್ಪ, ಅಮ್ಮ, ಅಜ್ಜ, ಅಜ್ಜಿಯರ ಹೆಸರುಗಳನ್ನು ದಾಖಲಿಸುತ್ತದೆ. ಮರಿ ಯಾವ ತಳಿಯದು, ಯಾರ ಮನೆಯಲ್ಲಿ ಹುಟ್ಟಿತು ಎಂಬುದಕ್ಕೆ ಅದು ಪುರಾವೆ. ಅಷ್ಟಕ್ಕೇ ಅದರ ಕೆಲಸ ಮುಗಿಯಿತು. ಅಪ್ಪನ ಸೊಂಟದ ಕೀಲು ಸರಿಯಿದೆಯೇ, ಅಮ್ಮನ ಕಣ್ಣು ಐದು ವರ್ಷದ ಮೇಲೂ ಕಾಣುತ್ತದೆಯೇ, ಹೃದಯ ಹೇಗಿದೆ ಎಂಬ ಸುದ್ದಿಗೆ ಅದು ಹೋಗುವುದೇ ಇಲ್ಲ. ಆದರೂ ಕೊಳ್ಳುವವರು ಅದನ್ನು ಆರೋಗ್ಯ ಪತ್ರವೆಂದೇ ತಿಳಿದು ಲ್ಯಾಮಿನೇಟ್ ಮಾಡಿಸಿ ಬೀರುವಿನಲ್ಲಿಡುತ್ತಾರೆ. ಮಾರುವವರೂ ಆ ತಪ್ಪನ್ನು ತಿದ್ದಲು ಹೋಗುವುದಿಲ್ಲ. ತಿದ್ದುವ ಬದಲು ಇನ್ನೊಂದಿಷ್ಟು ಪದ ಸೇರಿಸುತ್ತಾರೆ: ‘ಚಾಂಪಿಯನ್ ಲೈನ್’, ‘ಇಂಪೋರ್ಟ್ ಲೈನ್’, ‘ಡಬಲ್ ಬೋನ್’. ನಾಯಿಯ ಅಂಗರಚನೆಯಲ್ಲಿ ಡಬಲ್ ಬೋನ್ ಎಂಬುದೊಂದಿಲ್ಲ. ದಪ್ಪ ಕಾಲಿನ, ಹೊಟ್ಟೆ ತುಂಬ ತಿಂದು ಗುಂಡಗಾದ ಮರಿಗೆ ಮಾರಾಟಗಾರರು ಇಟ್ಟ ಹೆಸರು ಅದು. ಕೆಲವು ಸಲ ಆ ಗುಂಡು ಹೊಟ್ಟೆಯಲ್ಲಿರುವುದು ಜಂತುಹುಳು.

ಬೆಲೆಗೂ ಗುಣಕ್ಕೂ ನಂಟು ಕಡಿದುಹೋದ ಊರು ಇದು. 2025ರ ಆರಂಭದಲ್ಲಿ ಬೆಂಗಳೂರಿನ ‘ತೋಳನಾಯಿ’ಯೊಂದಕ್ಕೆ 50 ಕೋಟಿ ರೂಪಾಯಿ ಎಂಬ ಸುದ್ದಿ ಹೊರದೇಶದ ಪತ್ರಿಕೆಗಳಲ್ಲೂ ಬಂತು. ಏಪ್ರಿಲ್ ಹೊತ್ತಿಗೆ ಜಾರಿ ನಿರ್ದೇಶನಾಲಯವೇ ಆ ಲೆಕ್ಕ ವಿಚಾರಿಸಲು ಹೋಯಿತು. ಆ ಗದ್ದಲದಲ್ಲಿ ನಾಯಿಯ ಬೆಲೆಯ ಬಗ್ಗೆ ಮಾತಾಡದವರಿಲ್ಲ. ಅದರ ಆರೋಗ್ಯದ ದಾಖಲೆ ಏನಿದೆ ಎಂದು ಕೇಳಿದವರು ಕಾಣಲಿಲ್ಲ.

ಹಾಗೆಂದು ಆ ಪೇಪರು ನಿಷ್ಪ್ರಯೋಜಕವಲ್ಲ, ಓದಲು ಬರಬೇಕು. ವಂಶಾವಳಿಯಲ್ಲಿ ಅಪ್ಪನ ಕಡೆಗೂ ಅಮ್ಮನ ಕಡೆಗೂ ಒಂದೇ ಹೆಸರು ಮತ್ತೆ ಮತ್ತೆ ಕಂಡರೆ ಅಲ್ಲಿ ನಿಲ್ಲಬೇಕು. ಅಪ್ಪ–ಮಗಳು ಅಥವಾ ಅಣ್ಣ–ತಂಗಿಯನ್ನು ಕೂಡಿಸಿದರೆ ಹುಟ್ಟುವ ಮರಿಯ ಒಳಸಂತಾನ ಪ್ರಮಾಣ ಶೇ 25. ಅಂದರೆ, ಅದರ ಯಾವುದೇ ಜೀನ್ ಜೋಡಿಯ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನಿಂದ ಇಳಿದು ಬಂದಿರುವ ಸಂಭವ ನಾಲ್ಕರಲ್ಲೊಂದು. ಸೋದರಮಾವ–ಸೊಸೆ ಮದುವೆಯಲ್ಲಿ ಇದು ಶೇ 12.5, ಅತ್ತೆ–ಮಾವನ ಮಕ್ಕಳ ಮದುವೆಯಲ್ಲಿ ಶೇ 6.25. ಈ ಲೆಕ್ಕ ಕರ್ನಾಟಕಕ್ಕೆ ಹೊಸದಲ್ಲ. ಮಲ್ಲೇಶ್ವರದ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಬ್ರಿಟನ್ನಿನ ಅಲನ್ ಬಿಟಲ್ಸ್ ಮುಂತಾದವರು ರಾಜ್ಯದ ನವಜಾತ ಶಿಶುಗಳ ತಪಾಸಣೆಯ ಆಧಾರದಲ್ಲಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಮೂರರಲ್ಲೊಂದು ಮದುವೆ ಹತ್ತಿರದ ರಕ್ತಸಂಬಂಧದ್ದಾಗಿತ್ತು. ಮನುಷ್ಯರಲ್ಲಿ ಅದು ಸೋದರಸಂಬಂಧಕ್ಕೆ ನಿಂತ ಮಾತು. ನಾಯಿತಳಿಗಳಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು, ಹೊರಗಿನ ನಾಯಿಗಳಿಗೆ ಮುಚ್ಚಿದ ನೋಂದಣಿ ದಫ್ತರದೊಳಗೆ, ಪ್ರದರ್ಶನದಲ್ಲಿ ಗೆದ್ದ ಕೆಲವೇ ಗಂಡುನಾಯಿಗಳಿಗೆ ಊರಿನ ಹೆಣ್ಣುಗಳನ್ನೆಲ್ಲ ಬಿಟ್ಟು ನಡೆಸಿದ ಕೆಲಸ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2008ರಲ್ಲಿ ಬ್ರಿಟನ್ನಿನ ವಂಶಾವಳಿ ದಾಖಲೆಗಳನ್ನು ಲೆಕ್ಕ ಹಾಕಿದಾಗ ಅಲ್ಲಿನ ಸುಮಾರು ಹತ್ತು ಸಾವಿರ ಪಗ್ ನಾಯಿಗಳಲ್ಲಿದ್ದ ಜೀನ್ ವೈವಿಧ್ಯ ಕೇವಲ ಐವತ್ತು ನಾಯಿಗಳಷ್ಟಕ್ಕೆ ಸಮನಾಗಿತ್ತು.

ಪಗ್ ಎಂದಾಗ ಹಚ್ ಮೊಬೈಲ್ ಕಂಪನಿಯ ಜಾಹೀರಾತು ನೆನಪಾಗದ ಬೆಂಗಳೂರಿಗರು ಕಡಿಮೆ. 2003ರಲ್ಲಿ ಹುಡುಗನ ಹಿಂದೆ ಓಡುತ್ತಿದ್ದ ಆ ಪುಟ್ಟ ನಾಯಿ ಟಿವಿಯಲ್ಲಿ ಬಂದದ್ದೇ ತಡ, ಮೊಸರನ್ನ ತಿಂದು ಬೆಳೆದ ‘ಪೊಮೇರಿಯನ್’ಗಳ ಜಾಗಕ್ಕೆ ಪಗ್ ಬಂತು. ಗಾಂಧಿಬಜಾರಿನ ಸುತ್ತಲಿನ ಕಾಂಪೌಂಡು ಮನೆಗಳಲ್ಲಿ ಜಿಮ್ಮಿ, ಟಾಮಿ, ಪಿಂಕಿ ಎನ್ನಿಸಿಕೊಂಡಿದ್ದ ಆ ಬಿಳಿ ನಾಯಿಗಳಲ್ಲಿ ಹೆಚ್ಚಿನವು ಪೊಮೇರಿಯನ್ ಆಗಿರಲೇ ಇಲ್ಲ, ಇಂಡಿಯನ್ ಸ್ಪಿಟ್ಜ್ ಆಗಿದ್ದವು ಎಂಬುದು ಬೇರೆ ಮಾತು. ಪೇಪರಿಲ್ಲದ ಆ ಜಿಮ್ಮಿಗಳು ಅಗ್ಗದ ಅನ್ನ ತಿಂದು, ಪೋಸ್ಟ್‌ಮ್ಯಾನ್ ಮೇಲೆ ಬೊಗಳಿ, ಇಲ್ಲಿನ ಹವೆಗೆ ಹೊಂದಿಕೊಂಡು ಬದುಕಿದವು. ಪಗ್‌ನ ಚಪ್ಪಟೆ ಮುಖದೊಳಗೆ ಮೂಗಿನ ಹೊಳ್ಳೆ ಕಿರಿದು, ಅಂಗುಳಿನ ಮೆದು ಭಾಗ ಉದ್ದ. ನಾಯಿ ತನ್ನ ಮೈಶಾಖವನ್ನು ಹೊರಹಾಕುವುದು ಮುಖ್ಯವಾಗಿ ಏದುಸಿರಿನಿಂದ. ಉಸಿರಿನ ದಾರಿಯೇ ಇಕ್ಕಟ್ಟಾದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಸಣ್ಣದೊಂದು ನಡಿಗೆಯೂ ಪ್ರಾಣಕ್ಕೆ ಬರಬಹುದು. ಅದು ‘ಮುದ್ದಾಗಿ ಗೊರಕೆ ಹೊಡೆಯುತ್ತದೆ’ ಎಂದು ಮನೆಯವರು ವಿಡಿಯೊ ಮಾಡುತ್ತಿರುವುದು ಹಲವು ಸಲ ರೋಗಲಕ್ಷಣವನ್ನು. ನೆದರ್ಲೆಂಡ್ಸ್ 2019ರಿಂದ ಇಂಥ ಅತಿ ಚಪ್ಪಟೆ ಮುಖದ ನಾಯಿಗಳ ಸಂತಾನ ಬೆಳೆಸುವುದನ್ನೇ ಕಟ್ಟುನಿಟ್ಟಾಗಿ ತಡೆಯತೊಡಗಿದೆ. ನಾರ್ವೆಯ ಸುಪ್ರೀಂ ಕೋರ್ಟ್ 2023ರಲ್ಲಿ ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ತಳಿಯ ಸಂತಾನವೃದ್ಧಿ ಅಲ್ಲಿನ ಪ್ರಾಣಿಕಲ್ಯಾಣ ಕಾಯ್ದೆಗೆ ವಿರುದ್ಧ ಎಂದು ಹೇಳಿತು.

ಈಗ ಸೊಂಟದ ವಿಚಾರ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್, ರಾಟ್‌ವೈಲರ್ ಸಾಕುವವರಿಗೆ ‘ಹಿಪ್ ಡಿಸ್‌ಪ್ಲೇಸಿಯಾ’ ಎಂಬ ಹೆಸರು ಒಂದಲ್ಲ ಒಂದು ದಿನ ಪಶುವೈದ್ಯರ ಬಾಯಲ್ಲಿ ಕೇಳಿಸುತ್ತದೆ. ತೊಡೆಮೂಳೆಯ ತುದಿಯ ಗುಂಡು ಸೊಂಟದ ಗುಳಿಯಲ್ಲಿ ಬಿಗಿಯಾಗಿ ಕೂರದೆ ಅಲುಗಾಡುತ್ತದೆ, ಸವೆಯುತ್ತದೆ, ಕೀಲು ಊದುತ್ತದೆ. ಮರಿ ಮೆಟ್ಟಿಲು ಹತ್ತಲು ಹಿಂಜರಿಯುವುದು, ಮೊಲದಂತೆ ಎರಡೂ ಹಿಂಗಾಲು ಒಟ್ಟಿಗೆ ಎತ್ತಿ ಓಡುವುದು ಮೊದಲ ಸೂಚನೆ. ಇದು ಒಂದು ಜೀನ್‌ನ ಕಾಯಿಲೆಯಲ್ಲ. ಹಲವಾರು ಜೀನ್‌ಗಳು, ಮೇಲಿಂದ ತಿನ್ನಿಸುವ ರೀತಿ, ತೂಕ, ನೆಲ ಎಲ್ಲ ಸೇರುತ್ತವೆ. ಹಾಗಾಗಿ ರಕ್ತಪರೀಕ್ಷೆಯಲ್ಲಿ ಸಿಗುವುದಿಲ್ಲ. ಅಪ್ಪ ಅಮ್ಮ ಇಬ್ಬರಿಗೂ ಮತ್ತು ಬರಿಸಿ, ಅಂಗಾತ ಮಲಗಿಸಿ, ಕಾಲು ನೀಳವಾಗಿ ಎಳೆದು ಎಕ್ಸ್‌ರೇ ತೆಗೆದು ತಜ್ಞರಿಂದ ದರ್ಜೆ ಹಾಕಿಸಬೇಕು. ಅಮೆರಿಕದಲ್ಲಿ 1966ರಲ್ಲಿ ಶುರುವಾದ ಒಎಫ್ಎ ಎಂಬ ಸಂಸ್ಥೆ ಎರಡು ವರ್ಷ ತುಂಬಿದ ನಾಯಿಗಳಿಗೆ ಈ ದರ್ಜೆ ಕೊಡುತ್ತದೆ, ಬೇರೆ ದೇಶದಿಂದ ಕಳಿಸಿದ ಡಿಜಿಟಲ್ ಚಿತ್ರಗಳನ್ನೂ ನೋಡುತ್ತದೆ. ಯುರೋಪಿನ ಪದ್ಧತಿಯಲ್ಲಿ ‘ಎ’ಯಿಂದ ‘ಇ’ವರೆಗೆ ದರ್ಜೆ. ಪೆನ್‌ಹಿಪ್ ಎಂಬ ಇನ್ನೊಂದು ವಿಧಾನದಲ್ಲಿ 16 ವಾರಕ್ಕೇ ಕೀಲಿನ ಸಡಿಲ ಅಳೆಯಬಹುದು.

ಎರಡು ವರ್ಷ ಕಾಯುವುದು ಎಂಬ ಮಾತಿನಲ್ಲೇ ಒಳ್ಳೆಯ ತಳಿಗಾರನಿಗೂ ಮರಿ ವ್ಯಾಪಾರಿಗೂ ಇರುವ ವ್ಯತ್ಯಾಸವಿದೆ. ವ್ಯಾಪಾರಿಯ ಹೆಣ್ಣುನಾಯಿ ಎರಡು ವರ್ಷಕ್ಕೆ ಎರಡು ಸೂಲು ಮರಿ ಹಾಕಿ ಮುಗಿಸಿರುತ್ತದೆ.

ಒಳ್ಳೆಯ ಕೀಲಿನ ಮರಿ ತಂದರೂ ಮನೆಯವರ ಪಾಲಿನ ಕೆಲಸ ಇದ್ದೇ ಇದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಒಂದೇ ಸೂಲಿನ ಮರಿಗಳಲ್ಲಿ ಒಂದಕ್ಕಿಂತ ಇನ್ನೊಂದಕ್ಕೆ ಶೇ 25ರಷ್ಟು ಕಡಿಮೆ ಊಟ ಹಾಕಿದರು. ಕಡಿಮೆ ಉಂಡು ತೆಳ್ಳಗಿದ್ದವು ಸರಾಸರಿ ಎರಡು ವರ್ಷದಷ್ಟು ಹೆಚ್ಚು ಬದುಕಿದವು, ಕೀಲುನೋವೂ ತಡವಾಗಿ ಬಂತು. ಅಜ್ಜಿಯೊಬ್ಬರು, ಮೊಮ್ಮಗನೊಬ್ಬ, ಕೆಲಸದವರೊಬ್ಬರು ಸರದಿಯಲ್ಲಿ ಬಿಸ್ಕತ್ತು ಹಾಕುವ ಚಾಮರಾಜಪೇಟೆಯ ಕೂಡುಕುಟುಂಬಕ್ಕೆ ಈ ಸುದ್ದಿ ರುಚಿಸಲಿಕ್ಕಿಲ್ಲ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ, ಹೊಸ ಫ್ಲ್ಯಾಟುಗಳ ಟೈಲ್ಸು ಎರಡೂ ಬೆಳೆಯುವ ಮರಿಯ ಕಾಲಿಗೆ ಜಾರುವ ನೆಲವೇ. ಓಡಾಡುವ ಜಾಗಕ್ಕೆ ಒಂದು ಜಮಖಾನವನ್ನಾದರೂ ಹಾಸಬೇಕು.

ಕಣ್ಣಿಗೆ ಕಾಣದ ಕಾಯಿಲೆಗಳ ಕತೆ ಇನ್ನೂ ಸೂಕ್ಷ್ಮ. ಲ್ಯಾಬ್ರಡಾರ್, ಕಾಕರ್ ಸ್ಪ್ಯಾನಿಯಲ್‌ಗಳಲ್ಲಿ ಬರುವ ಪಿಆರ್‌ಎ ಎಂಬ ಅಕ್ಷಿಪಟಲದ ರೋಗವನ್ನೇ ನೋಡಿ. ಕೆಟ್ಟ ಜೀನ್‌ನ ಒಂದೇ ಪ್ರತಿ ಇರುವ ನಾಯಿಗೆ ಏನೂ ಆಗುವುದಿಲ್ಲ, ಅದು ವಾಹಕ ಮಾತ್ರ. ಇಬ್ಬರು ವಾಹಕರು ಕೂಡಿದರೆ ನಾಲ್ಕರಲ್ಲೊಂದು ಮರಿಗೆ ಎರಡೂ ಪ್ರತಿ ಸಿಗುವ ಸಂಭವ. ಆ ಮರಿಯೂ ಕೆಲವು ವರ್ಷ ಚೆನ್ನಾಗಿಯೇ ಇರುತ್ತದೆ. ಆಮೇಲೆ ಸಂಜೆಗತ್ತಲಲ್ಲಿ ತಡವರಿಸತೊಡಗಿ ನಿಧಾನವಾಗಿ ಕುರುಡಾಗುತ್ತದೆ. ಅಷ್ಟು ಹೊತ್ತಿಗೆ ಅದರ ಮಕ್ಕಳು ಜಯನಗರ, ಹುಬ್ಬಳ್ಳಿ, ಸೇಲಂ ಎಲ್ಲೆಲ್ಲೋ ಹಂಚಿಹೋಗಿರುತ್ತವೆ. ‘ನಮ್ಮ ನಾಯಿ ಗಟ್ಟಿಮುಟ್ಟಾಗಿದೆ ಸಾರ್, ಟೆಸ್ಟ್ ಯಾಕೆ?’ ಎಂಬ ಮಾತು ಎಷ್ಟು ಪೊಳ್ಳು ಎಂಬುದು ಇಲ್ಲಿ ತಿಳಿಯುತ್ತದೆ. ಕೆನ್ನೆಯೊಳಗೆ ಹತ್ತಿಕಡ್ಡಿ ಆಡಿಸಿ ಕಳಿಸಿದರೆ ಸಾಕು, ಡಿಎನ್ಎ ಪರೀಕ್ಷೆ ವಾಹಕ ಯಾರೆಂದು ಹೇಳುತ್ತದೆ. ವಾಹಕ ನಾಯಿಯನ್ನು ಓಡಿಸಬೇಕೆಂದೂ ಇಲ್ಲ. ಅದನ್ನು ಶುದ್ಧ ಫಲಿತಾಂಶದ ಜೋಡಿಗೆ ಮಾತ್ರ ಕೂಡಿಸಿದರೆ ಒಂದು ಮರಿಯೂ ಕುರುಡಾಗುವುದಿಲ್ಲ.

ಕೋಲಿ ತಳಿಯಲ್ಲಿ ಎಂಡಿಆರ್1 ಎಂಬ ಜೀನ್‌ದೋಷವಿದೆ. ಅಮೆರಿಕದ ನಾಲ್ಕು ಕೋಲಿಗಳಲ್ಲಿ ಮೂರರಲ್ಲಿ ಅದರ ಒಂದು ಪ್ರತಿಯಾದರೂ ಇದೆ ಎನ್ನುತ್ತಾರೆ. ಇಂಥ ನಾಯಿಯ ಮಿದುಳಿನೊಳಕ್ಕೆ ಕೆಲವು ಔಷಧಗಳು ತಡೆಯಿಲ್ಲದೆ ನುಗ್ಗುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಐವರ್‌ಮೆಕ್ಟಿನ್. ಕಜ್ಜಿಗೂ ಉಣ್ಣೆಗೂ ಅದೇ ಇಂಜೆಕ್ಷನ್ ಚುಚ್ಚುವ ಅಭ್ಯಾಸವಿರುವ ನಮ್ಮಲ್ಲಿ ಈ ಪರೀಕ್ಷೆಗೆ ಅಮೆರಿಕಕ್ಕಿಂತ ಹೆಚ್ಚಿನ ಬೆಲೆಯಿದೆ. ಡಾಬರ್‌ಮನ್‌ಗೆ ಹೃದಯದ ಸ್ಕ್ಯಾನು ಮತ್ತು ರಕ್ತ ಹೆಪ್ಪುಗಟ್ಟುವ ಪರೀಕ್ಷೆ, ಡಾಲ್ಮೇಷಿಯನ್‌ಗೆ ಕಿವಿಯ ಪರೀಕ್ಷೆ. ಹೀಗೆ ತಳಿಗೊಂದು ಪಟ್ಟಿ.

ಡಾಲ್ಮೇಷಿಯನ್ ಕತೆ ಸ್ವಲ್ಪ ನಿಂತು ಕೇಳುವಂಥದು. ಶುದ್ಧ ಡಾಲ್ಮೇಷಿಯನ್‌ಗಳೆಲ್ಲವೂ ಮೂತ್ರದಲ್ಲಿ ಯೂರಿಕ್ ಆಮ್ಲವನ್ನು ಅತಿಯಾಗಿ ಹೊರಹಾಕುತ್ತವೆ, ಅದರಿಂದ ಕಲ್ಲು ಕಟ್ಟಿಕೊಳ್ಳಬಹುದು. ತಳಿಯೊಳಗೆ ಸರಿಯಾದ ಜೀನ್ ಉಳಿದೇ ಇರಲಿಲ್ಲ. 1973ರಲ್ಲಿ ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ ಒಂದು ಪಾಯಿಂಟರ್ ನಾಯಿಯನ್ನು ಒಮ್ಮೆ ಕೂಡಿಸಿ, ಮುಂದಿನ ಪ್ರತಿ ತಲೆಮಾರನ್ನೂ ಡಾಲ್ಮೇಷಿಯನ್‌ಗೇ ಮರಳಿಸಿ ಆ ಜೀನನ್ನು ತಂದರು. ಹಲವು ತಲೆಮಾರಿನ ಮೇಲೆ ಚುಕ್ಕಿ, ಮೈಕಟ್ಟು ಎಲ್ಲ ಅದೇ, ಕಲ್ಲು ಮಾತ್ರ ಇಲ್ಲ. ಆದರೂ ‘ಬೆರಕೆ’ ಎಂದು ದೂರವಿಟ್ಟಿದ್ದ ಅಮೆರಿಕನ್ ಕೆನೆಲ್ ಕ್ಲಬ್ ಈ ಸಾಲನ್ನು ನೋಂದಾಯಿಸಿಕೊಂಡದ್ದು 2011ರಲ್ಲಿ. ಶುದ್ಧಿಯ ಹಠಕ್ಕೆ ನಾಲ್ಕು ದಶಕ ನಾಯಿಗಳು ನೋವು ತಿಂದವು.

ಹೆಣ್ಣುನಾಯಿಯ ಪಾಡನ್ನು ಮರಿ ಕೊಳ್ಳಲು ಹೋದವರು ನೋಡುವುದು ಅಪರೂಪ, ತೋರಿಸುವುದೂ ಇಲ್ಲ. ಟೆರೇಸಿನ ಶೀಟ್ ಶೆಡ್ಡಿನಲ್ಲಿ ಕಟ್ಟಿಹಾಕಿದ ತಾಯಿ, ಕೆಳಗೆ ಡ್ರಾಯಿಂಗ್ ರೂಮಿನಲ್ಲಿ ಪೌಡರ್ ಹಚ್ಚಿಸಿಕೊಂಡ ಮರಿ. 2017ರ ಮೇ 23ರಂದು ಕೇಂದ್ರ ಸರ್ಕಾರ ಹೊರಡಿಸಿದ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳು ಈ ತಾಯಿಯ ಪರವಾಗಿ ಬಂದವು. ತಳಿಗಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಹದಿನೆಂಟು ತಿಂಗಳು ತುಂಬದ ನಾಯಿಯನ್ನು ಕೂಡಿಸುವಂತಿಲ್ಲ. ಕೂಡಿಸುವ ಮುಂಚೆ ಪಶುವೈದ್ಯರ ಪ್ರಮಾಣಪತ್ರ ಬೇಕು. ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚಿಲ್ಲ. ಎಂಟು ವಾರಕ್ಕಿಂತ ಚಿಕ್ಕ ಮರಿಯನ್ನು ಮಾರುವಂತಿಲ್ಲ. ಮಾರುವ ಮರಿಗೆ ಲಸಿಕೆ, ಮೈಕ್ರೋಚಿಪ್, ರಸೀದಿ ಕಡ್ಡಾಯ. ಬೀದಿಬದಿಯಲ್ಲಿ ಬುಟ್ಟಿಯಲ್ಲಿಟ್ಟು ತೋರಿಸುವಂತಿಲ್ಲ. ಮಾರಿದ ಮೇಲೂ ವರ್ಷಕ್ಕೊಮ್ಮೆಯಾದರೂ ಮರಿ ಹೇಗಿದೆ ಎಂದು ತಳಿಗಾರನೇ ವಿಚಾರಿಸಬೇಕು.

ಕೊನೆಯ ನಿಯಮವನ್ನು ಓದಿದರೆ ಬೆಂಗಳೂರಿನ ಮರಿ ಮಾರಾಟಗಾರರು ನಗುತ್ತಾರೆ. ನಗುವುದಕ್ಕೆ ಕಾರಣವೂ ಇದೆ. ಈ ನಿಯಮಗಳ ಬುಡದಲ್ಲಿರುವ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ಗಾಂಧಿಬಜಾರಿನಲ್ಲಿ ಆ ದುಡ್ಡಿಗೆ ಮಸಾಲೆ ದೋಸೆಯೂ ಬರುವುದಿಲ್ಲ.

ಸರ್ಕಾರ ಕೈಹಾಕಿದಾಗಲೂ ಗುರಿ ತಪ್ಪಿದ್ದೇ ಹೆಚ್ಚು. 2018ರಲ್ಲಿ ಆಗಿನ ಬಿಬಿಎಂಪಿ ಫ್ಲ್ಯಾಟಿಗೆ ಒಂದು, ಸ್ವಂತ ಮನೆಗೆ ಮೂರು ನಾಯಿ ಎಂದು ಉಪವಿಧಿ ತಂದು, ವಿರೋಧ ಎದ್ದೊಡನೆ ತಡೆಹಿಡಿಯಿತು. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ಪಿಟ್‌ಬುಲ್, ರಾಟ್‌ವೈಲರ್ ಸೇರಿ 23 ತಳಿಗಳ ಸಾಕಣೆ, ಮಾರಾಟ ನಿಲ್ಲಿಸಿ ಎಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಬೆಂಗಳೂರಿನ ಅರ್ಜಿದಾರರು ಕರ್ನಾಟಕ ಹೈಕೋರ್ಟಿಗೆ ಹೋದರು. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಏಪ್ರಿಲ್ 10ರಂದು ಆ ಸುತ್ತೋಲೆಯನ್ನು ರದ್ದುಮಾಡಿದರು. ಸಂಬಂಧಪಟ್ಟವರ ಮಾತನ್ನೇ ಕೇಳದೆ ಹೊರಡಿಸಿದ್ದು ಅದರ ದೋಷ. ತಳಿಯ ಹೆಸರು ಹಿಡಿದು ನಿಷೇಧಿಸುವುದು ಸುಲಭ. ಕಚ್ಚುವ ಸ್ವಭಾವದ ಅಪ್ಪ ಅಮ್ಮನನ್ನು ಕೂಡಿಸಿದವನು ಯಾರು, ಮರಿಯನ್ನು ಒಂದು ತಿಂಗಳಿಗೇ ತಾಯಿಯಿಂದ ಕಿತ್ತು ಮಾರಿದವನು ಯಾರು ಎಂದು ಹುಡುಕುವುದು ಕಷ್ಟದ ಕೆಲಸ. ಮೂರನೇ ವಾರದಿಂದ ಸುಮಾರು ಮೂರು ತಿಂಗಳವರೆಗಿನ ಅವಧಿಯಲ್ಲಿ ಮರಿ ಕಲಿಯುವುದು ಬಾಳಿಡೀ ಉಳಿಯುತ್ತದೆ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬ ಪಾಠವನ್ನು ಅದು ಕಲಿಯುವುದು ಒಡಹುಟ್ಟಿದವುಗಳ ಜೊತೆ ಕಚ್ಚಾಡುತ್ತ.

ಬೇಗ ಕಿತ್ತ ಮರಿಗೆ ಇನ್ನೊಂದು ಅಪಾಯ ಪಾರ್ವೊ. ತಾಯಿ ಹಾಲಿನಿಂದ ಬಂದ ರಕ್ಷಣೆ ಇಳಿಯುತ್ತ, ಲಸಿಕೆಯದು ಇನ್ನೂ ಏರದ ವಾರಗಳಲ್ಲಿ ಈ ವೈರಸ್ ಹೊಕ್ಕರೆ ವಾಂತಿ, ರಕ್ತಭೇದಿ ಹತ್ತಿ ಮೂರ್ನಾಲ್ಕು ದಿನದಲ್ಲಿ ಮರಿ ಕೈಬಿಟ್ಟುಹೋಗಬಹುದು. ಸೋಂಕು ತಗುಲಿ ಲಕ್ಷಣ ಕಾಣಲು ಸಾಮಾನ್ಯವಾಗಿ ಮೂರರಿಂದ ಏಳು ದಿನ. ಮಾರಿದ ದಿನ ಕುಣಿಯುತ್ತಿದ್ದ ಮರಿ ವಾರದೊಳಗೆ ಸತ್ತರೆ ಮಾರಿದವನು ‘ನಿಮ್ಮ ಮನೇಲಿ ಬಂದಿದ್ದು’ ಎನ್ನುವುದು ಇದೇ ಧೈರ್ಯದ ಮೇಲೆ. ಹಾಗಾಗಿ ಮರಿ ತಂದ ದಿನವೋ ಮಾರನೆಯ ದಿನವೋ ನಿಮ್ಮ ವೈದ್ಯರಿಂದ ಪರೀಕ್ಷೆ ಮಾಡಿಸಿ, ಬರಹದಲ್ಲಿ ಪಡೆಯುವುದು ಒಳ್ಳೆಯದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ಇರುವ ಊರಿನಲ್ಲಿ ಇದು ದೊಡ್ಡ ತ್ರಾಸವಲ್ಲ.

ಒಳ್ಳೆಯ ತಳಿಗಾರರು ಈ ಊರಲ್ಲಿ ಇಲ್ಲವೆಂದಲ್ಲ. ಅವರನ್ನು ಗುರುತಿಸಲು ಒಂದು ಉಪಾಯ: ಅವರು ನಿಮ್ಮನ್ನೇ ಕೇಳುತ್ತಾರೆ. ಮನೆ ಸ್ವಂತದ್ದೋ ಬಾಡಿಗೆಯದೋ, ಮಾಲೀಕರ ಒಪ್ಪಿಗೆ ಇದೆಯೋ, ಹಗಲು ಮನೆಯಲ್ಲಿ ಯಾರಿರುತ್ತಾರೆ, ಮೊಟ್ಟೆ–ಮಾಂಸ ಒಳಗೆ ಬರುವುದೋ ಇಲ್ಲವೋ, ಮಗ ಅಮೆರಿಕಕ್ಕೆ ಹೋದರೆ ನಾಯಿ ಯಾರ ಪಾಲು? ಮಲ್ಲೇಶ್ವರದಲ್ಲಿ ಕೊನೆಯ ಪ್ರಶ್ನೆ ಬಹಳ ಮುಖ್ಯ. ಅವರ ಬಳಿ ಮರಿ ಯಾವಾಗಲೂ ಸಿದ್ಧವಿರುವುದಿಲ್ಲ, ಕಾಯಬೇಕು. ತಾಯಿಯನ್ನು ತೋರಿಸುತ್ತಾರೆ. ಗಂಡು–ಹೆಣ್ಣು ಎರಡಕ್ಕೂ ಬ್ರುಸೆಲ್ಲಾ ಪರೀಕ್ಷೆ ಆಗಿರುತ್ತದೆ. ಗರ್ಭ ಕಳಚುವ ಆ ರೋಗ ಮನುಷ್ಯರಿಗೂ ಅಂಟುವಂಥದು. ಸಾಕಲಾಗದಿದ್ದರೆ ಯಾವ ವಯಸ್ಸಿನಲ್ಲಾದರೂ ವಾಪಸ್ ನನಗೇ ಕೊಡಿ ಎಂದು ಬರೆಸಿಕೊಳ್ಳುತ್ತಾರೆ. ಈ ಒಂದು ಸಾಲು ಎಲ್ಲ ಕರಾರಿನಲ್ಲೂ ಇದ್ದಿದ್ದರೆ, 1991ರಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಸಂಸ್ಥೆಗಳ ಆಶ್ರಯಕ್ಕೆ ಮಾಲೀಕರು ಬಿಟ್ಟುಹೋದ ಹಸ್ಕಿ, ಲ್ಯಾಬ್ರಡಾರ್‌ಗಳು ಇಷ್ಟು ಬರುತ್ತಿರಲಿಲ್ಲ.

ದೂರದ ಸೈಬೀರಿಯದ ನಾಯಿ ಬೇಡ, ನಮ್ಮದೇ ಮುಧೋಳ ತರೋಣ ಎಂಬುವವರೂ ಹೆಚ್ಚಿದ್ದಾರೆ. ಮುಧೋಳದ ಘೋರ್ಪಡೆ ಅರಸರು ಉಳಿಸಿ ಬೆಳೆಸಿದ ಈ ಬೇಟೆನಾಯಿಯ ಅಂಚೆಚೀಟಿ 2005ರಲ್ಲಿ ಬಂತು, 2016ರಲ್ಲಿ ಸೇನೆಯ ಮೀರತ್ ಕೇಂದ್ರ ತರಬೇತಿಗೆ ತೆಗೆದುಕೊಂಡಿತು, 2020ರ ಆಗಸ್ಟ್ 30ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಹೆಸರು ಹೇಳಿದ ಮೇಲೆ ಬೇಡಿಕೆ ಏರಿತು. ಬೇಡಿಕೆ ಏರಿದಾಗ ಬೆರಕೆಯೂ ಏರುತ್ತದೆ. ಓಟದ ಆಸೆಗೆ ಗ್ರೇಹೌಂಡ್ ಕೂಡಿಸಿದ ಮರಿಯೂ ‘ಒರಿಜಿನಲ್ ಮುಧೋಳ’ವೇ. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಅಲ್ಲಿ ಹೆಸರು ಬರೆಸಿ ಕಾದು ಮರಿ ಪಡೆಯಬಹುದು. ಆದರೆ ಬಯಲಿನಲ್ಲಿ ಮೊಲ ಅಟ್ಟಲು ರೂಪುಗೊಂಡ ನಾಯಿ ಇದು. 30x40 ಸೈಟಿನ ಮೂರಂತಸ್ತಿನ ಮನೆ ಅದಕ್ಕೆ ಜೈಲು. ಮೈಯಲ್ಲಿ ಕೊಬ್ಬು ತೀರ ಕಡಿಮೆ ಇರುವ ಇಂಥ ಬೇಟೆತಳಿಗಳಿಗೆ ಕೆಲವು ಅರಿವಳಿಕೆ ಔಷಧಗಳು ಬೇಗ ಇಳಿಯುವುದಿಲ್ಲ ಎಂಬುದನ್ನೂ ಆಪರೇಷನ್‌ಗೆ ಮುಂಚೆ ವೈದ್ಯರಿಗೆ ನೆನಪಿಸಬೇಕು. ಓಡಿಸಲು ಜಾಗವಿಲ್ಲದವರು ಆಶ್ರಯಧಾಮದಿಂದ ಒಂದು ಬೀದಿನಾಯಿ ಮರಿಯನ್ನು ತರುವುದೇ ಮೇಲು. ಜೀನ್ ವೈವಿಧ್ಯದಲ್ಲಿ ಅದಕ್ಕೆ ಸಾಟಿಯಾದ ಚಾಂಪಿಯನ್ ಲೈನ್ ಇಲ್ಲ.

ಕೊಳ್ಳಲೇಬೇಕೆಂದಿದ್ದರೆ, ಅಡ್ವಾನ್ಸ್ ಹಾಕುವ ಮುನ್ನ ನಾಲ್ಕು ಕಾಗದ ಕೇಳಿ: ತಳಿಗಾರನ ನೋಂದಣಿ ಪತ್ರ, ಅಪ್ಪ ಅಮ್ಮ ಇಬ್ಬರ ಸೊಂಟದ ಎಕ್ಸ್‌ರೇ ವರದಿ, ತಳಿಗೆ ತಕ್ಕ ಡಿಎನ್ಎ ಅಥವಾ ಹೃದಯದ ವರದಿ, ಪಶುವೈದ್ಯರ ಸಹಿ ಮತ್ತು ಮೈಕ್ರೋಚಿಪ್ಪಿನ 15 ಅಂಕಿಗಳಿರುವ ಲಸಿಕೆ ಪುಸ್ತಕ. ‘ಅದೆಲ್ಲ ಫಾರಿನ್‌ನಲ್ಲಿ ಸಾರ್’ ಎಂಬ ಉತ್ತರ ಬಂದರೆ ಫೋನ್ ಇಟ್ಟುಬಿಡಿ. ಇನ್ನೊಂದು ಮಾತು: ಹಬ್ಬಕ್ಕೆ ಮಕ್ಕಳಿಗೆ ಉಡುಗೊರೆ ಎಂದು ದೀಪಾವಳಿಯ ವಾರ ಎಂಟು ವಾರದ ಮರಿಯನ್ನು ಮನೆಗೆ ತರಬೇಡಿ. ಆ ವಯಸ್ಸಿನಲ್ಲಿ ಪಟಾಕಿಗೆ ಬೆಚ್ಚಿದ ಮರಿ ಮುಂದೆ ಪ್ರತಿ ವರ್ಷವೂ ಮಂಚದ ಕೆಳಗೆ ಸೇರಿಕೊಳ್ಳಬಹುದು. ಹಬ್ಬ ಕಳೆದು ಹದಿನೈದು ದಿನವಾಗಲಿ. ಒಳ್ಳೆಯ ತಳಿಗಾರರು ಅಷ್ಟು ದಿನ ಮರಿಯನ್ನು ತಾಯಿಯ ಬಳಿಯೇ ಇಟ್ಟುಕೊಳ್ಳುತ್ತಾರೆ.